ಅಪ್ಪನ ದಿಂಬಿನಿಂದ ಕಾಣದ ಅಂಕಿಗಳು

1985ರ ಮಳೆಗಾಲ ಮುಗಿಯುತ್ತಿದ್ದ ಸಮಯ. ಅಪ್ಪ ಸಾಗರದ ಒಂದು ಆಸ್ಪತ್ರೆಯಲ್ಲಿದ್ದರು. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿ ವರ್ಷಗಟ್ಟಲೆ ಬಸ್ಸು ಹೊರಡಿಸಿದವರು. ಟೈಮು ತಿಳಿಯದೆ ಅವರಿಗೆ ಇರಲಾಗುತ್ತಿರಲಿಲ್ಲ. ಕೈ ಊದಿಕೊಂಡಿದ್ದರಿಂದ ಅವರ ವಾಚನ್ನು ಬಿಚ್ಚಿ ತಲೆಯ ಪಕ್ಕದ ಕಿಟಕಿಯ ಸರಳಿಗೆ ಕಟ್ಟಿದ್ದೆವು. ಅಣ್ಣ ಬೊಂಬಾಯಿಯಿಂದ ತಂದುಕೊಟ್ಟಿದ್ದ ಎಲೆಕ್ಟ್ರಾನಿಕ್ ವಾಚು ಅದು. ಮುಳ್ಳುಗಳಿಲ್ಲ, ಬೂದು ಗಾಜಿನ ಮೇಲೆ ಕಪ್ಪು ಅಂಕಿಗಳು ಮೂಡುತ್ತಿದ್ದವು.

ಕಟ್ಟಿದ ದಿನವೇ ಅಪ್ಪ ವಾಚು ನಿಂತುಹೋಗಿದೆ ಎಂದರು. ಅಣ್ಣ ಎದ್ದು ನೋಡಿ ಟೈಮು ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು.

"ಅದ್ರಲ್ಲಿ ಎಂತದೂ ಇಲ್ಲ ಮಾರಾಯ, ಬರೀ ಗಾಜು."

ಅಣ್ಣ ಹೊರಗೆ ಬಂದು, ಅಪ್ಪನಿಗೆ ಭ್ರಮೆ ಶುರುವಾಗಿದೆ ಎಂದು ನನಗೂ ಅಮ್ಮನಿಗೂ ಹೇಳಿದ.

ಮರುದಿನ ಬೆಳಿಗ್ಗೆ ಅಪ್ಪ, ನಿನ್ನೆ ನಾಗಪ್ಪ ಬಂದು ಬಾಗಿಲಲ್ಲಿ ನಿಂತು ಹೋದ ಎಂದರು. ನಾಗಪ್ಪ ಅಂದರೆ ತೀರ್ಥಹಳ್ಳಿಯಲ್ಲಿದ್ದ ನಮ್ಮ ಚಿಕ್ಕಪ್ಪ. ಮನೆ ಪಾಲಿನ ಜಗಳವಾದ ಮೇಲೆ ಅಣ್ಣತಮ್ಮಂದಿರಿಗೆ ಮಾತೇ ಇರಲಿಲ್ಲ. ಅಮ್ಮ ಕಣ್ಣೊರೆಸಿಕೊಂಡರು. 'ಹೂಂ' ಅನ್ನು ಎಂದು ಅಣ್ಣ ನನಗೆ ಸನ್ನೆ ಮಾಡಿದ. ಅಪ್ಪ ಅದನ್ನು ನೋಡಿಬಿಟ್ಟರು.

ಮಧ್ಯಾಹ್ನ ಅವರ ಕತ್ತು ಒರೆಸಲು ದಿಂಬಿನವರೆಗೂ ಬಗ್ಗಿದ್ದೆ. ಕಣ್ಣು ವಾಚಿನ ಮೇಲೆ ಬಿತ್ತು. ಒಂದು ಅಂಕಿಯೂ ಇರಲಿಲ್ಲ. ಸೆಲ್ ಮುಗಿಯಿತೇನೋ ಎಂದು ಎದ್ದು ನಿಂತರೆ ಟೈಮು ಸ್ಪಷ್ಟವಾಗಿ ಕಾಣುತ್ತಿತ್ತು. ಮತ್ತೆ ಬಗ್ಗಿದೆ. ಅಂಕಿಗಳು ಮಸುಕಾಗುತ್ತಾ ಹೋಗಿ ಪೂರ್ತಿ ಅಳಿಸಿಹೋದವು. ಎದುರಿಗೆ ನಿಂತವರಿಗೆ ಕಾಣುವ ಆ ವಾಚು, ಮಲಗಿ ಓರೆಯಾಗಿ ನೋಡುವವರಿಗೆ ಕಾಣುತ್ತಲೇ ಇರಲಿಲ್ಲ.

"ಅಪ್ಪಾ, ಇಲ್ಲಿಂದ ನೋಡಿದ್ರೆ ನಂಗೂ ಕಾಣ್ಸಲ್ಲ" ಎಂದೆ.

ಅಪ್ಪ ನನ್ನನ್ನೇ ನೋಡಿದರು. "ನಾಗಪ್ಪ ಬಂದಿದ್ದೂ ನಿಜ ಕಣೆ. ಅವನ ವಾಪಸ್ ಬಸ್ಸಿಗೆ ಎಷ್ಟು ಹೊತ್ತಿದೆ ಅಂತ ವಾಚ್ ಕಡೆ ತಿರುಗ್ದೆ. ಎಂತದೂ ಕಾಣ್ಲಿಲ್ಲ. ಈ ಕಡೆ ತಿರುಗೋದ್ರೊಳಗೆ ಹೋಗ್ಬಿಟ್ಟಿದ್ದ."

ನಾನು ವಾರ್ಡಿನ ಆಯಾಳನ್ನು ಕೇಳಿದೆ. ಹಿಂದಿನ ದಿನ ನಾವೆಲ್ಲ ಊಟಕ್ಕೆ ಹೋಗಿದ್ದಾಗ ಒಬ್ಬರು ಅಪ್ಪನ ಹೆಸರು ಹೇಳಿ ಮಂಚ ಯಾವುದೆಂದು ವಿಚಾರಿಸಿದ್ದರಂತೆ. ಬಾಗಿಲವರೆಗೆ ಬಂದು ಒಳಗೆ ಬಾರದೆ ಹೋದರಂತೆ. ಅದನ್ನು ಕೇಳಿದ್ದೇ ಅಣ್ಣ ಸಿಕ್ಕಿದ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೊರಟ. ವಾಚನ್ನು ನಾನು ಅಪ್ಪನಿಗೆ ಎದುರಾಗುವಂತೆ ಹಿಡಿದು ತೋರಿಸಿದೆ. ಅಣ್ಣ ತೀರ್ಥಹಳ್ಳಿ ಮುಟ್ಟುವ ಹೊತ್ತನ್ನು ಅಪ್ಪ ಮೆಲ್ಲಗೆ ಲೆಕ್ಕ ಹಾಕುತ್ತಿದ್ದರು.

ಮರುದಿನ ಚಿಕ್ಕಪ್ಪ ಬರುವಷ್ಟರಲ್ಲಿ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಚಿಕ್ಕಪ್ಪ ಊದಿದ ಆ ಕೈಯನ್ನು ಹಿಡಿದು ಕೂತರು. ಸಂಜೆ ಅಪ್ಪ ಹೋದರು, ಕಣ್ಣು ಬಿಡಲೇ ಇಲ್ಲ.

ಹೊರಗೆ ಜಗಲಿಯ ಮೇಲೆ ಚಿಕ್ಕಪ್ಪ ನನಗೆ ಹೇಳಿದರು: "ನನ್ನ ನೋಡಿ ಮುಖ ಆ ಕಡೆ ತಿರುಗಿಸ್ದ. ಇನ್ನೂ ಸಿಟ್ಟಿದೆ ಅನ್ಕೊಂಡು ಹೋದೆ ಕಣೆ."

ಅಪ್ಪ ಯಾಕೆ ತಿರುಗಿದ್ದರೆಂದು ಅವರಿಗೆ ಹೇಳಿದೆ. ಕೇಳಿ ಅವರು ಬಹಳ ಹೊತ್ತು ಅತ್ತರು. ಅದರಿಂದ ಅವರಿಗೆ ಸಮಾಧಾನವಾಯಿತೋ, ನೋವು ಹೆಚ್ಚಾಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರುವ ಮೊದಲೇ ಅವರೂ ಹೋದರು.