ರಾಣಿ ವೇಷದ ಸೆರಗು

ಸಾವಿರ ವರ್ಷದ ಹಿಂದಿನ ರಾಣಿಯರು ಯುದ್ಧಕ್ಕೆ ಹೋಗುವಾಗ ಏನು ಉಡುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಮೀಸೆ ತಿರುವುವವರಿಗೂ ಗೊತ್ತಿಲ್ಲ. ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ. ಶಾಲೆಯ ಗ್ಯಾದರಿಂಗಿಗೆ, ನಾಟಕಕ್ಕೆ, ಮೆರವಣಿಗೆಗೆ ವೇಷದ ಬಟ್ಟೆ ಹೊಲಿದು ಬಾಡಿಗೆಗೆ ಕೊಡುತ್ತೇನೆ. ಆ ವರ್ಷ ಬಾದಾಮಿಯ ಬಯಲಿನಲ್ಲಿ ಹಳೆಯ ಕಾಲದ ಕಾಳಗವೊಂದನ್ನು ಆಡಿ ತೋರಿಸಲು ನಮ್ಮೂರಿನ ತಂಡವನ್ನು ಕರೆದಿದ್ದರು. ಆಡಿಸುವ ಮಾಸ್ತರರು ಅಲ್ಲಿನ ಗುಹೆಯ ಶಿಲ್ಪದ ಫೋಟೋ ಹಿಡಿದು ನನ್ನ ಅಂಗಡಿಗೆ ಬಂದರು.

“ಕಲ್ಲಿನಾಗ ಹೆಂಗೈತಿ, ಹಂಗ ಹೊಲೀರಿ ಅಕ್ಕಾರ.”

“ಕಲ್ಲಿನಾಗ ಮ್ಯಾಲೆ ಏನೂ ಇಲ್ಲಲ್ರಿ. ಏನ್ ಹೊಲೀಲಿ?”

ಮಾಸ್ತರರು ಕೆಮ್ಮಿ ಫೋಟೋ ಕಿಸೆಗೆ ಹಾಕಿಕೊಂಡರು. ಮುಂದಿನದೆಲ್ಲ ನನ್ನ ಮರ್ಜಿಗೆ ಬಿಟ್ಟಿದ್ದಾಯಿತು. ರಾಣಿಗೆ ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದೆ. ಎದೆಗೆ ರೆಕ್ಸಿನ್ನಿನ ಕವಚ ಮಾಡಿದೆ. ಕಚ್ಚೆಗೂ ಸೆರಗಿಗೂ ನಾಲ್ಕಾರು ಬಾಡಿಗೆ ಸೀರೆ ಇಟ್ಟು ನೋಡಿದೆ, ಒಂದೂ ಮನಸ್ಸಿಗೆ ಬರಲಿಲ್ಲ. ಕಡೆಗೆ ಟ್ರಂಕಿನಿಂದ ಅವ್ವನ ಸೀರೆ ತೆಗೆದೆ. ಕಣ್ಣು ಮಂಜಾಗುವ ಮೊದಲು ಅವಳು ಕುಣಿಮಗ್ಗದಲ್ಲಿ ಕೂತು ನೇಯ್ದ ಕಡೆಯ ಸೀರೆ ಅದು. ನಮ್ಮ ಕಡೆ ಸೀರೆಯ ಒಡಲಿಗೆ ಉದ್ದೆಳೆಯ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಅವ್ವ ಹಾಕಿದ ಕೊಂಡಿ ಎತ್ತು ಜಗ್ಗಿದರೂ ಬಿಡುತ್ತಿರಲಿಲ್ಲ.

ನೇಯ್ದ ಸೀರೆಗೆ ಕತ್ತರಿ ತಾಗಿಸಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಚಿಕ್ಕವಳಿದ್ದಾಗ ಗೊಂಬೆಗೆ ಉಡಿಸಲು ಸೆರಗಿನ ತುದಿ ಕತ್ತರಿಸಿದ್ದೆ. ಅವ್ವ ನನ್ನ ಕೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದು ಮಗ್ಗದ ಲಾಳಿಯಿಂದ ಹೊಡೆದಳು. ಎರಡು ಬೆರಳು ಮುರಿದವು. ಅವಳೇ ಅಳುತ್ತ ಅರಿಸಿನ ಹಚ್ಚಿ ಕಟ್ಟಿದಳು. ಅದರಿಂದ ನಾನು ಬುದ್ಧಿ ಕಲಿತೆ ಎಂದೇ ಬಹಳ ವರ್ಷ ತಿಳಿದುಕೊಂಡಿದ್ದೆ.

ಹಾಗಾಗಿ ರಾಣಿ ವೇಷಕ್ಕೂ ಸೀರೆಯನ್ನು ಕತ್ತರಿಸಲಿಲ್ಲ. ಇಡೀ ಸೀರೆಯನ್ನು ನೆರಿಗೆ ಮಡಿಸಿ ಸೊಂಟದ ಪಟ್ಟಿಗೆ ಕೈಹೊಲಿಗೆ ಹಾಕಿದೆ. ರಾಣಿಯಾಗುವ ಹುಡುಗಿ ಜಿಗಿದರೂ ಉರುಳಿದರೂ ಜಾರಬಾರದೆಂದು ಸೆರಗನ್ನು ಎಡ ಹೆಗಲಿಗೆ ಜೋಡು ದಾರದಿಂದ ಬಿಗಿದೆ. ಆಟ ಮುಗಿದ ಮೇಲೆ ಹೊಲಿಗೆ ಬಿಚ್ಚಿದರೆ ಸೀರೆ ಇದ್ದ ಹಾಗೇ ಟ್ರಂಕಿಗೆ ಹೋಗುತ್ತದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ರಾಣಿಯಾದವಳು ನಮ್ಮ ಓಣಿಯ ಹುಡುಗಿ, ಡಿಗ್ರಿ ಕಡೆಯ ವರ್ಷದವಳು. ಶತ್ರು ಸೇನಾಪತಿಯಾದವನು ಅವಳ ಸೋದರಮಾವ. ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುವವನು, ಒಂದೊಂದು ಅಂಗೈ ಮೊರದಗಲ. ಅವಳು ತೊಟ್ಟಿಲಲ್ಲಿದ್ದಾಗಲೇ ಇವನಿಗೆಂದು ಮನೆಯವರು ಮಾತಾಡಿಕೊಂಡಿದ್ದರು. ತಾಲೀಮು ಶುರುವಾಗಿ ವಾರವಾದ ಮೇಲೆ ಅವಳು ಎಲ್ಲರ ಎದುರಿಗೇ ಹೇಳಿಬಿಟ್ಟಳು: “ಮಾಮಾ, ನಾ ನಿನ್ನ ಲಗ್ನ ಆಗೂದಿಲ್ಲ. ಇನ್ನೊಮ್ಮಿ ಕೇಳಬ್ಯಾಡ.”

ಅವತ್ತಿನಿಂದ ಅವನ ಕಟ್ಟಿಗೆಯ ಕತ್ತಿ ಗುರಾಣಿಯನ್ನು ಬಿಟ್ಟು ಅವಳ ಗೆಣ್ಣುಗಳಿಗೆ ಬೀಳತೊಡಗಿತು. ಅವಳೂ ಬಿಡಲಿಲ್ಲ. ಒಮ್ಮೆ ಅವನ ತುಟಿ ಒಡೆದು ರಕ್ತ ಬಂತು. ನಾವೆಲ್ಲ ಹೋ ಎಂದು ನಕ್ಕೆವು. ರಾಣಿ ಅಂದರೆ ಹೀಗಿರಬೇಕು ಎಂದ ಪುಣ್ಯಾತ್ಗಿತ್ತಿ ನಾನೇ.

ಬಾದಾಮಿಯಲ್ಲಿ ಆಟದ ದಿನ ಸುಡು ಬಿಸಿಲು. ಕೆಂಪು ಬಂಡೆಗಳ ಕೆಳಗೆ ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಆಟ ಮುಗಿದೊಡನೆ ಹೊಲಿಗೆ ಬಿಚ್ಚಲೆಂದು ನಾನು ಟೆಂಟಿನ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದೆ. ಆಟದ ಪ್ರಕಾರ ರಾಣಿ ಸೇನಾಪತಿಯನ್ನು ಕೆಡವಿ ಎದೆಯ ಮೇಲೆ ಕಾಲಿಡಬೇಕು, ಅವನು ಸಾಯಬೇಕು. ಅವಳು ಕೆಡವಿದಳು, ಕಾಲಿಟ್ಟಳು. ಅವನು ಸಾಯಲಿಲ್ಲ. ಕಾಲು ಹಿಡಿದು ಉರುಳಿಸಿದ. ಸೆರಗಿನ ತುದಿಯನ್ನು ಅವಳ ಕುತ್ತಿಗೆಗೆ ಎರಡು ಸುತ್ತು ಸುತ್ತಿ, ಮಂಡಿಯೂರಿಸಿ, ಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗಿದ.

ಜನ ಚಪ್ಪಾಳೆ ಹೊಡೆದರು.

“ಬಿಡಬ್ಯಾಡ ಲೇ, ಹಂಗ ಜಗ್ಗ!” ಎಂದು ಯಾವನೋ ಕೂಗಿದ. ಹೆಂಗಸರೂ ನಗುತ್ತಿದ್ದರು. ಅವಳ ಕಾಲು ಮಣ್ಣು ಕೆದರುತ್ತಿತ್ತು. ಏನು ಆಕ್ಟಿಂಗ್ ಎಂದು ಮಾಸ್ತರರೇ ಬಾಯಿಬಿಟ್ಟು ನೋಡುತ್ತಿದ್ದರು. ಸೆರಗು ಹರಿಯಲಿಲ್ಲ. ಕೊಂಡಿ ಬಿಡಲಿಲ್ಲ. ನನ್ನ ಜೋಡು ದಾರವೂ ಬಿಡಲಿಲ್ಲ.

ನಾನು ಓಡಿದೆ. ಇಷ್ಟನ್ನು ಊರೆಲ್ಲ ಬಲ್ಲದು. ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನ ಮುಷ್ಟಿಗೂ ಅವಳ ಕುತ್ತಿಗೆಗೂ ನಡುವೆ ಗೇಣುದ್ದ ಬಟ್ಟೆ ಬಿಗಿದು ನಿಂತಿತ್ತು. ಅಲ್ಲಿ ಕತ್ತರಿ ಹಾಕಿದ್ದರೆ ಮುಗಿಯುತ್ತಿತ್ತು. ನಾನು ಅಲ್ಲಿ ಹಾಕಲಿಲ್ಲ. ಅವಳ ಹೆಗಲಿನ ಹೊಲಿಗೆ ಹುಡುಕಿದೆ. ಹೊಲಿಗೆ ಬಿಟ್ಟರೆ ಸೆರಗು ಸಡಿಲಾಗುತ್ತದೆ, ಸೀರೆಯೂ ಉಳಿಯುತ್ತದೆ ಎಂದು ನನ್ನ ಕೈ ತಾನೇ ತೀರ್ಮಾನಿಸಿತ್ತು. ಒಂದು ಹೊಲಿಗೆ ಕತ್ತರಿಸಿದೆ. ಎರಡನೆಯದು ಸಿಕ್ಕಿತು. ಮೂರನೆಯದು ಕವಚದ ಅಡಿಯಲ್ಲಿತ್ತು, ಉಗುರು ಹಾಕಿ ಎಬ್ಬಿಸಿದೆ. ಆಗ ಅವಳ ಗಂಟಲಲ್ಲಿ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು.

ಆಮೇಲೆ ಬಟ್ಟೆಗೆ ಕತ್ತರಿ ಹಾಕಿದೆ. ಹುರಿಯಾಗಿದ್ದ ಸೆರಗು ಒಂದೇ ಏಟಿಗೆ ಹೋಗಲಿಲ್ಲ, ಕತ್ತರಿ ಅದನ್ನು ಅಗಿಯಬೇಕಾಯಿತು. ಅವನು ನನ್ನ ಕೂದಲು ಹಿಡಿದ. ಕತ್ತರಿಯನ್ನು ಅವನ ಮುಂಗೈಗೆ ಹಿಡಿಕೆಯ ತನಕ ಚುಚ್ಚಿದೆ. ಎಳೆದು ಇನ್ನೊಮ್ಮೆ ಚುಚ್ಚಿದೆ. ಎರಡನೆಯದು ಬೇಕಿರಲಿಲ್ಲ, ಅದು ನನ್ನ ಸಮಾಧಾನಕ್ಕೆ. ಬಿಸಿ ರಕ್ತ ಮುಖಕ್ಕೆ ಹಾರಿತು. ಆಗಲೂ ಒಬ್ಬ ಶಿಳ್ಳೆ ಹಾಕಿದ.

ಅವಳನ್ನು ಬಾದಾಮಿಯ ದವಾಖಾನೆಗೆ, ಅಲ್ಲಿಂದ ಬಾಗಲಕೋಟೆಗೆ ಒಯ್ದರು. ಜೀವ ಉಳಿಯಿತು. ದನಿ ಹೋಯಿತು, ಉಳಿದದ್ದು ಉಸಿರಿನಷ್ಟು ಪಿಸುಮಾತು. ವಾರದೊಳಗೆ ಅವಳ ಸ್ವಂತ ಅಜ್ಜಿ, ಅಂದರೆ ಅವನ ತಾಯಿ, ಹುನಗುಂದದ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ನನ್ನ ಅಂಗಡಿಗೆ ಬಂದಳು.

“ಆಟದಾಗ ಕೈ ತಪ್ಪೇತಿ ಅಂತ ಹೇಳಿಬಿಡವಾ. ನೀನೂ ಚುಚ್ಚೀದಿ, ಅಲ್ಲಿಗಲ್ಲಿಗೆ ಆತು.”

“ಹೊರಗ ನಡೀರಿ. ಇಲ್ಲಂದ್ರ ಚುಚ್ಚೂದು ಇನ್ನೂ ಮುಗದಿಲ್ಲ,” ಎಂದು ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಹಿರಿಯರು ಚಪ್ಪಲಿ ಬಿಟ್ಟೇ ಓಡಿದರು.

ಪೊಲೀಸರ ಮುಂದೆ ನೋಡಿದ್ದನ್ನು ನೋಡಿದ ಹಾಗೆ ಬರೆಸಿದೆ, ಮೂರು ಹೊಲಿಗೆಯನ್ನು ಬಿಟ್ಟು. ಅವನು ಒಳಗೆ ಹೋದ. ಓಣಿಯವರು ಸಭೆ ಮಾಡಿ ನನಗೆ ಶಾಲು ಹೊದಿಸಿ, ಇವಳೇ ಖರೆ ರಾಣಿ ಎಂದರು. ನಾನು ತಲೆ ತಗ್ಗಿಸಿ ಕೂತೆ. ವಿನಯ ಎಂದುಕೊಂಡರು. ಅದು ನಾಚಿಕೆ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಹುಡುಗಿ ಅಂಗಡಿಗೆ ಬಂದಳು. ಕುತ್ತಿಗೆಗೆ ದುಪಟ್ಟಾ ಸುತ್ತಿರಲಿಲ್ಲ, ಕಲೆ ಕಾಣಲಿ ಎಂದೇ ಬಿಟ್ಟಿದ್ದಳು. ಅವಳ ಮಾತು ಕೇಳಿಸಲು ನಾನು ಮಷಿನ್ ನಿಲ್ಲಿಸಿದೆ.

“ಅಕ್ಕಾರ, ನೀವು ಓಡಿ ಬಂದದ್ದು ನೋಡೀನ್ರಿ. ಕತ್ತರಿನೂ ನೋಡೀನಿ. ಆಮ್ಯಾಲೆ ನನ್ನ ಹೆಗಲ ಮ್ಯಾಲೆ ಏನ್ ಮಾಡಾಕತ್ತಿದ್ರಿ?”

ಸುಳ್ಳು ಬಾಯಿಗೆ ಬಂದಿತ್ತು. ಆ ಕಲೆ ನೋಡಿ ಹೇಳಲಾಗಲಿಲ್ಲ.

“ಹೊಲಿಗಿ ಬಿಚ್ಚಾಕತ್ತಿದ್ನಿ. ಅವ್ವನ ಸೀರಿ ಕತ್ತರಸಾಕ ಕೈ ಬರ್ಲಿಲ್ಲವಾ.”

ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸ್ಟೂಲ್ ಎಳೆದುಕೊಂಡು ಕೂತು ಪಿಸುದನಿಯಲ್ಲಿ ಕೇಳಿದಳು:

“ಸೀರಿ ಉಳೀತನ್ರಿ?”

ಇಲ್ಲ ಎಂದೆ. ಅವಳು ತಲೆಯಾಡಿಸಿ ಎದ್ದು ಹೋದಳು.