ಮೈಲುತುತ್ತದ ಕೆಮ್ಮು

ಜ್ಯೋತಿಲಕ್ಷ್ಮಿಗೆ ಸಿಟ್ಟು ಬಂದರೆ ಸಾಗರದ ನಮ್ಮ ನರ್ಸಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಉಸಿರಾಡಲೂ ಹೆದರಿಕೆ. ಅವಳು ಅಲ್ಲಿನ ಲೈಬ್ರೇರಿಯನ್, ನಾನು ಪಾಠ ಮಾಡುವವಳು; ಇಪ್ಪತ್ತು ವರ್ಷದಿಂದ ಅವಳ ಬೈಗುಳ ತಿಂದಿದ್ದೇನೆ. ಮಕ್ಕಳು ಕಂಪ್ಯೂಟರಿನಲ್ಲಿ ಬರೀ ‘ಕೆಮ್ಮು’ ಅಂತ ಒತ್ತಿ, ಬಂದ ಸಾವಿರಾರು ಲೇಖನಗಳಲ್ಲಿ ಮೊದಲ ಮೂರನ್ನು ನಕಲು ಮಾಡಿದರೆ ಸಾಕು, ಶುರು.

“ವಿಷಯ ಹಾಕಿದ್ಮೇಲೆ ಅದರ ಜೊತೆಗೆ ಉಪಶೀರ್ಷಿಕೆ ಹಾಕಿ ಅಂತ ಎಷ್ಟು ಸಲ ಬಡ್ಕೊಳ್ಳೋದು! ಕಾರಣ ಬೇಕಾ, ಚಿಕಿತ್ಸೆ ಬೇಕಾ, ದುಷ್ಪರಿಣಾಮ ಬೇಕಾ? ಅಂಗಡಿಗೆ ಹೋಗಿ ‘ಸಾಮಾನು ಕೊಡಿ’ ಅಂತೀರಾ?”

ಹೋದ ವರ್ಷ ಮೇ ಕೊನೆಯಲ್ಲಿ ಹುಲಿಯಪ್ಪ ಲೈಬ್ರರಿಗೆ ಅವಳನ್ನು ಹುಡುಕಿಕೊಂಡು ಬಂದ. ಹೊಸನಗರದ ಕಡೆಯವನು, ನಲವತ್ತೆಂಟರ ಪ್ರಾಯ. ಜ್ಯೋತಿಯ ತವರಿನ ಅಡಿಕೆಗೆ ಮೂವತ್ತು ವರ್ಷದಿಂದ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರದಂತೆ, ಕೊಳೆ ಔಷಧಿ ಹೊಡೆಯುವವನು. ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರು. ಮರದ ತುದಿಯಿಂದ ಹೊಡೆದರೆ ಅರ್ಧ ಗೊನೆಗೆ, ಅರ್ಧ ಅವನ ಮುಖಕ್ಕೆ. ಬಾಯಿಗೊಂದು ಟವೆಲ್ಲು ಸುತ್ತಿ, ಸಂಜೆ ಬಿಸಿನೀರು ಮಿಂದರೆ ಎಲ್ಲ ಹೋಯಿತು ಅಂತ ನಮ್ಮವರ ನಂಬಿಕೆ. ಅವನಿಗೆ ಒಂದೂವರೆ ವರ್ಷದಿಂದ ಕೆಮ್ಮು. ಕಫದಲ್ಲಿ ಏನೂ ಸಿಗದಿದ್ದರೂ ಊರಿನ ಡಾಕ್ಟರು ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದರು. ನಾಲ್ಕು ಮೆಟ್ಟಿಲಿಗೇ ಏದುಸಿರು. ಆದರೂ ಹದಿನೈದು ದಿನದಲ್ಲಿ ಮತ್ತೆ ಮರ ಹತ್ತುವವನಿದ್ದ.

ಜ್ಯೋತಿ ಅವನನ್ನು ಕರೆದುಕೊಂಡು ಅದೇ ಡಾಕ್ಟರ ಹತ್ತಿರ ಹೋದಳು, ನಾನೂ ಹೋದೆ. ಮರಕ್ಕೆ ಹೊಡೆಯುವ ಔಷಧಿಯಿಂದ ಹೀಗಾಗಿರಬಹುದೇ ಎಂದು ಕೇಳಿದರೆ ಆತ ಮೊಬೈಲು ಒತ್ತಿ ನೋಡಿ ಹೇಳಿದ್ದು ಇಷ್ಟು: “ಮೈಲುತುತ್ತದ ಮೇಲೆ ಇರೋದೆಲ್ಲ ಬೆಳೆ ರೋಗದ್ದೇ ಮೇಡಂ. ಮನುಷ್ಯರದ್ದು ಏನೂ ಇಲ್ಲ. ಬೀಡಿ ಬಿಡಕ್ಕೆ ಹೇಳಿ.”

ಹುಲಿಯಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ! ನನಗೇ ಮೈ ಉರಿದುಹೋಯಿತು.

ಲೈಬ್ರರಿಗೆ ವಾಪಸು ಬಂದ ಜ್ಯೋತಿ ಚಪ್ಪಲಿಯನ್ನೂ ಬಿಡದೆ ಕೂತಳು. ಮೈಲುತುತ್ತಕ್ಕೆ ‘ದುಷ್ಪರಿಣಾಮ’, ಶ್ವಾಸಕೋಶದ ಕಾಯಿಲೆಗೆ ‘ಕಾರಣ’ ಎಂಬ ಉಪಶೀರ್ಷಿಕೆ ಹಾಕಿ ಎರಡನ್ನೂ ಸೇರಿಸಿ ಹುಡುಕಿದಳು. ಸಾವಿರವಿದ್ದದ್ದು ಬೆರಳೆಣಿಕೆಗೆ ಇಳಿಯಿತು. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ಮೈಲುತುತ್ತ, ಇದೇ ಸುಣ್ಣ ಹೊಡೆದವರ ಶ್ವಾಸಕೋಶ ಕೆಟ್ಟ ವರದಿಗಳು. ಎಲ್ಲವನ್ನೂ ಪ್ರಿಂಟ್ ತೆಗೆದು ಡಾಕ್ಟರ ಮೇಜಿನ ಮೇಲೆ ಕುಕ್ಕಿದಳು.

“ಅದು ದ್ರಾಕ್ಷಿ, ಇದು ಅಡಿಕೆ ಅಲ್ವಾ ಮೇಡಂ?” ಎಂದ ಆ ಪುಣ್ಯಾತ್ಮ.

“ಶ್ವಾಸಕೋಶಕ್ಕೆ ಯಾವ ತೋಟ ಅಂತ ಗೊತ್ತಾಗ್ತದಾ ಡಾಕ್ಟ್ರೇ? ಈಗ್ಲೇ ದೊಡ್ಡಾಸ್ಪತ್ರೆಗೆ ಬರ್ದುಕೊಡಿ!”

ಬರೆದುಕೊಟ್ಟ. ಸ್ಕ್ಯಾನಿನಲ್ಲಿ ಎರಡೂ ಕಡೆ ಶ್ವಾಸಕೋಶ ಗಟ್ಟಿಯಾಗಿತ್ತು. ಔಷಧಿಯದ್ದೇ ಕೆಲಸ ಇರಬೇಕು, ಹೋದದ್ದು ಮರಳುವುದಿಲ್ಲ, ಇನ್ನು ಹೊಡೆಯುವ ಹಾಗೇ ಇಲ್ಲ ಎಂದರು ದೊಡ್ಡಾಸ್ಪತ್ರೆಯವರು.

ಮಾರನೆಯ ದಿನ ಲೈಬ್ರರಿಯಲ್ಲಿ ಜ್ಯೋತಿ ಅವನಿಗೆ ಪೋರ್ಚುಗಲ್ಲಿನ ಮೊದಲ ವರದಿಯ ಕಾಗದ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು.

“ಇದು ಯಾವಾಗ ಬರ್ದಿದ್ದು ಅಮ್ಮಾ?”

“ಐವತ್ತು ವರ್ಷದ ಮೇಲಾಯ್ತು ಹುಲಿಯಪ್ಪ.”

“ನಾ ಹುಟ್ಟೋಕೆ ಮೊದ್ಲೇ ಗೊತ್ತಿತ್ತಾ?” ಅವನ ದನಿ ಏರಿತು, ಕೆಮ್ಮು ಒತ್ತರಿಸಿ ಬಂತು. ಸುಧಾರಿಸಿಕೊಂಡು ಕೇಳಿದ: “ಮೂವತ್ತು ವರ್ಷ ನಿಮ್ಮ ತೋಟಕ್ಕೇ ಹೊಡೆದ್ನಲ್ಲ. ನೀವು ಇದೇ ಕೆಲ್ಸದಲ್ಲಿದ್ರಿ. ಒಂದ್ಸಲನಾದ್ರೂ ಹುಡುಕಿ ನೋಡ್ಬೇಕು ಅನ್ಸಲಿಲ್ವಾ?”

ಜ್ಯೋತಿ ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟಳು. ಆ ಪ್ರಶ್ನೆ ನನಗೂ ಸಲ್ಲುತ್ತಿತ್ತು; ನಮ್ಮ ಮನೆಯ ತೋಟಕ್ಕೂ ಹೊಡೆಯುತ್ತಿದ್ದದ್ದು ಅವನೇ.