ಹೆಲ್ಯು ದನಿಯಿಲ್ಲದೆ ಹಾಡಿದ ವಸಂತ

ನಮ್ಮ ಹಳ್ಳಿ ಲೆಪಾಸಾರೆಯ ಹೆಂಗಸರ ಗಾಯನವೃಂದದಲ್ಲಿ ಹೆಲ್ಯು ಐವತ್ತೇಳು ವರ್ಷ ಕೆಳದನಿಯ ಸಾಲಿನಲ್ಲಿ ಹಾಡಿದಳು. ಅದರಲ್ಲಿ ನಲವತ್ತು ವರ್ಷ ಅವಳ ಪಕ್ಕ ನಿಂತವಳು ನಾನು, ಮೈಮು.

ಸಾಮೂಹಿಕ ಹೈನುಶಾಲೆಯಲ್ಲಿ ಕರು ಸಾಕುವುದು ಅವಳ ಕೆಲಸ. ಗುರುವಾರ ಸಂಜೆ ಗಂಬೂಟಿನಲ್ಲೇ ಅಭ್ಯಾಸಕ್ಕೆ ಬರುತ್ತಿದ್ದಳು.

"ಕರುಗಳ ಮುಂದೆ ಹಾಡಿ ಹಾಡಿ ನೀನೂ ಅಂಬಾ ಅಂತೀಯ ಕಣೇ" ಅಂತ ನಾನು ಕೆಣಕುತ್ತಿದ್ದೆ.

"ಅವು ಒಂದು ದಿನಾನೂ ನಿನ್ನ ಹಾಗೆ ತಾಳ ತಪ್ಪಿಲ್ಲ, ಸುಮ್ನಿರು."

ಅವಳ ಗಂಡ ಎವಾಲ್ಡ್‌ನನ್ನು ಒಂದು ಮಂಗಳವಾರ ಮಣ್ಣು ಮಾಡಿದೆವು. ಅದೇ ಗುರುವಾರ ಹೆಲ್ಯು ಅಭ್ಯಾಸದಲ್ಲಿ ತನ್ನ ಜಾಗದಲ್ಲಿ ನಿಂತಿದ್ದಳು. "ಮನೇಲಿ ಉಸಿರು ಎದೇಲೇ ನಿಂತುಬಿಡುತ್ತೆ. ಇಲ್ಲಿಗೆ ಬಂದ್ರೆ ಹೊಟ್ಟೆವರೆಗೂ ಇಳಿಯುತ್ತೆ" ಅಂದಳು. ತನ್ನ ದುಃಖದ ಬಗ್ಗೆ ಅವಳು ಆಡಿದ್ದು ಅಷ್ಟೇ ಮಾತು.

ಐದು ವರ್ಷಕ್ಕೊಮ್ಮೆ ರಾಜಧಾನಿ ತಾಲಿನ್‌ನಲ್ಲಿ ದೊಡ್ಡ ಹಾಡುಹಬ್ಬ. ಇಪ್ಪತ್ತು ಸಾವಿರ ಜನ ಒಂದೇ ವೇದಿಕೆಯ ಮೇಲೆ ನಿಂತು ಹಾಡುತ್ತಾರೆ. ಅದಕ್ಕೂ ಮೊದಲು, ಹಿಮ ಕರಗುವ ಹೊತ್ತಿಗೆ, ಪ್ರತಿ ವೃಂದವೂ ಪರೀಕ್ಷಕರ ಮುಂದೆ ಹಾಡಿ ಪಾಸಾಗಬೇಕು. ಇಪ್ಪತ್ತೊಂದನೇ ವಯಸ್ಸಿನಿಂದ ಹೆಲ್ಯು ಒಂದು ಹಬ್ಬವನ್ನೂ ತಪ್ಪಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳ ಕಿವಿ ಮಂದವಾಯಿತು. ಕಿವಿಗಿಟ್ಟ ಯಂತ್ರ ಮಾತನ್ನು ತಲುಪಿಸುತ್ತಿತ್ತು, ಸ್ವರವನ್ನು ಸೊಟ್ಟ ಮಾಡುತ್ತಿತ್ತು. ಹೆಲ್ಯು ಶ್ರುತಿಗಿಂತ ಚೂರು ಕೆಳಗೆ, ತುಂಬುಗಂಟಲಲ್ಲಿ ಹಾಡತೊಡಗಿದಳು. ಇಪ್ಪತ್ತೆರಡು ಜನಕ್ಕೂ ಕೇಳಿಸಿತು. ಒಬ್ಬರೂ ಹೇಳಲಿಲ್ಲ. ನಾವು ಹಾಗೆಯೇ. ಎದುರಿಗೆ ಕೂತವರ ಗದ್ದಕ್ಕೆ ಸೂಪು ಮೆತ್ತಿದ್ದರೆ ನಾವು ಕಿಟಕಿಯಾಚೆ ನೋಡುವವರು.

ಪರೀಕ್ಷೆಗೆ ವಾರವಿದೆ ಅನ್ನುವಾಗ ಹಾಡಿಸುವವಳು ಉರ್ವೆ ನನ್ನನ್ನು ಕೋಟು ತೂಗುಹಾಕುವ ಕೋಣೆಗೆ ಕರೆದಳು.

"ಮೈಮು ಅಕ್ಕಾ, ಹೆಲ್ಯು ಅಕ್ಕಂಗೆ ನೀವೇ ಹೇಳಿ. ಪರೀಕ್ಷೆ ದಿನ, ಅವತ್ತೊಂದು ದಿನ ಬರೀ ಬಾಯಿ ಆಡಿಸ್ಲಿ, ಸಾಕು. ನಾನು ಹೇಳಿದ್ರೆ ಬಿಟ್ಟೇ ಹೋಗ್ತಾರೆ."

"ನಾನು ಹೇಳಿದ್ರೆ ಸೌಟಲ್ಲಿ ಹೊಡೀತಾಳೆ" ಅಂದೆ. ಆದರೂ ಹೋದೆ.

ಹೆಲ್ಯು ಆಲೂಗಡ್ಡೆ ಹೆರೆಯುತ್ತಿದ್ದಳು. ಅವಳ ಒಳ್ಳೆಯ ಕಿವಿಯ ಕಡೆ ಕೂತು ಹೇಳಿದೆ: "ನೀನು ಬಾಯಿ ಮಾತ್ರ ಆಡಿಸು. ದನಿ ಬೇಡ."

ಚಾಕು ನಿಂತಿತು. "ಅಷ್ಟು ಕೆಟ್ಟದಾಗಿದ್ಯಾ?"

"ಚೂರು ಇಳಿಯುತ್ತೆ."

"ಎಷ್ಟು ದಿನದಿಂದ?"

"ಕಾಫಿ ಉಕ್ತಿದೆ ನೋಡು" ಅಂದೆ.

ಅವಳು ಎದ್ದು ಪಾತ್ರೆ ಇಳಿಸಿದಳು. ಬೆನ್ನು ಹಾಕಿಕೊಂಡೇ "ಆಗ್ಲಿ. ನೀವೆಲ್ಲ ಹಬ್ಬಕ್ಕೆ ಹೋಗ್ಬೇಕಲ್ಲ" ಅಂದಳು.

ನಾವು ಪಾಸಾದೆವು. ಉರ್ವೆ ಕೇಕು ತಂದಳು, ಅಪ್ಪಿಕೊಂಡೆವು, ಅತ್ತೆವು. ಮರುವಾರದ ಅಭ್ಯಾಸದಲ್ಲಿ ಕೆಳದನಿಯ ಸಾಲು ನೀರಿನಷ್ಟು ತಿಳಿಯಾಗಿತ್ತು. ಹೆಲ್ಯು ಮೆಲ್ಲಗೆ ಹಾಡುತ್ತಿದ್ದಾಳೆ ಅಂದುಕೊಂಡೆ. ಇಲ್ಲ, ಸುಳ್ಳು ಯಾಕೆ? ಆ ತಿಳಿ ನನಗೆ ಹಿತವಾಗಿತ್ತು. ಅದಕ್ಕೇ ಕಿವಿಗೊಟ್ಟು ನೋಡಲಿಲ್ಲ.

ಏಪ್ರಿಲ್‌ನಲ್ಲಿ ಅವಳು ರೊಟ್ಟಿ ಸುಡುವುದನ್ನು ಬಿಟ್ಟಳು. ಮೇ ತಿಂಗಳಲ್ಲಿ ಅಂಗಡಿಯವರೆಗೆ ನಡೆಯುವುದನ್ನು ಬಿಟ್ಟಳು. ಹಬ್ಬಕ್ಕೆ ಉಡುವ ಪಟ್ಟೆಲಂಗ ಸೊಂಟದಲ್ಲಿ ನಿಲ್ಲದೆ ನಾನೇ ಹಿಡಿದು ಹೊಲಿದುಕೊಟ್ಟೆ. ಡಾಕ್ಟರು ಏನೂ ಇಲ್ಲ, ವಯಸ್ಸು ಅಂದರು. ನಾವೂ ವಯಸ್ಸು ಅಂದೆವು. ಅಭ್ಯಾಸವನ್ನು ಮಾತ್ರ ಅವಳು ಒಮ್ಮೆಯೂ ತಪ್ಪಿಸಲಿಲ್ಲ.

ಜುಲೈ. ತಾಲಿನ್‌ನ ಹಬ್ಬದ ವೇದಿಕೆಯ ಮೇಲೆ ಸುಡುವ ಬಿಸಿಲು. ಮೊದಲ ಹಾಡು ಎದ್ದಿತು. ಜೊತೆಯಾಗಿ ಉಸಿರೆಳೆಯಲು ಎಂದಿನಂತೆ ಅವಳ ಬೆನ್ನ ಮೇಲೆ ಕೈಯಿಟ್ಟೆ. ತುಟಿಗಳು ಪ್ರತಿ ಅಕ್ಷರಕ್ಕೂ ಆಡುತ್ತಿದ್ದವು. ಪಕ್ಕೆಲುಬು ಅಲುಗಲಿಲ್ಲ.

ಅವಳ ಕಿವಿಗೆ ಬಾಯಿಟ್ಟು ಕೂಗಿದೆ. "ಹಾಡೇ! ಇಷ್ಟು ಜನದಲ್ಲಿ ಯಾರಿಗೆ ಕೇಳುತ್ತೆ!"

"ಬೇಡ ಅಂದ್ಯಲ್ಲ."

"ಅದು ಅವತ್ತೊಂದು ದಿನಕ್ಕೆ ಕಣೇ! ಪರೀಕ್ಷೆಗೆ!"

ಹೆಲ್ಯು ನನ್ನನ್ನೇ ನೋಡಿದಳು. ಕೋಪವಿರಲಿಲ್ಲ. "ಆಮೇಲೆ ಯಾರೂ ಹಾಡು ಅನ್ಲಿಲ್ಲ, ಮೈಮು."

ಉಸಿರೆಳೆದಳು. ಬಂದದ್ದು ಒಣ ಗಾಳಿ. ಇನ್ನೊಮ್ಮೆ ಎಳೆದಳು, ಕೆಮ್ಮಿದಳು. ಆಮೇಲೆ ನನ್ನ ಕೈ ತಟ್ಟಿ, "ನೀನು ಹಾಡು, ನಮ್ಮ ಸಾಲು ಬಂತು" ಅಂದಳು.

ನಮ್ಮ ಸಾಲು ಬಂತು, ಹೋಯಿತು. ಅವಳ ಕೈ ಹಿಡಿದು ಬಾಯಿ ತೆರೆದು ನಿಂತೆ. ನನ್ನ ಗಂಟಲಿನಿಂದಲೂ ಏನೂ ಹೊರಡಲಿಲ್ಲ. ಸುತ್ತ ಹಾಡು ಏರುತ್ತಲೇ ಇತ್ತು. ಎರಡು ದನಿ ಕಡಿಮೆಯಾದದ್ದು ಯಾರಿಗೂ ತಿಳಿಯಲಿಲ್ಲ.